ನೊಣದ ಮಿದುಳಿನ ಕೀಲಿಕೈ

ಪ್ರಶ್ನೆ: ಮಾವಿನಹಣ್ಣಿನ ಸುತ್ತ ಹಾರಾಡುವ ಸಣ್ಣ ನೊಣದ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಅಂತಾರೆ. ಹಾಗಿದ್ದರೆ ಕರುಳಿನ ಕೋಶ ಬೇರೆ, ಮಿದುಳಿನ ನರಕೋಶ ಬೇರೆ ಆಗುವುದು ಹೇಗೆ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾನಗಲ್ಲ

ಉತ್ತರ: ತಂಗಿ, ಮೊದಲು ಒಂದು ಮಾತು. ಮಾವಿನಕಾಯಿ ಚುಚ್ಚಿ ಒಳಗೆ ಹುಳ ಬೀಳಿಸುವ, ನಿಮ್ಮ ಕಡೆ ರೈತರು ಬೈಯುವ ಹಣ್ಣುನೊಣ ಬೇರೆ ಜಾತಿಯದು. ನೀನು ಕೇಳಿದ್ದು ಕಳಿತ ಹಣ್ಣಿಗೆ ಮುತ್ತುವ ಡ್ರೊಸೊಫಿಲಾ. ಧಾರವಾಡದಾಗ ಎಂ.ಎಸ್ಸಿ. ಓದುವಾಗ ರವೆ, ಬೆಲ್ಲ ಕುದಿಸಿ ಬಾಟಲಿಯಲ್ಲಿ ಇವನ್ನೇ ಸಾಕಿದವ ನಾನು. ನನ್ನ ಕೈಯಲ್ಲಿ ಈಥರ್ ಹೆಚ್ಚಾಗಿ ರೆಕ್ಕೆ ಮೇಲೆತ್ತಿ ಸತ್ತವು ಎಷ್ಟೋ!

ಜೀನ್ ಅಂದರೆ ಪ್ರೋಟೀನು ಮಾಡುವ ಸೂಚನೆ ಬರೆದಿಟ್ಟ ಡಿಎನ್‌ಎ ಭಾಗ. ಅದು ಇದ್ದರೆ ಸಾಲದು, ಕೋಶ ಅದನ್ನು ಓದಬೇಕು. ಎಲ್ಲಿ, ಯಾವಾಗ ಓದಬೇಕೆಂಬುದನ್ನು ಹಿಡಿದಿಟ್ಟಿರುವುದು ಎನ್‌ಹ್ಯಾನ್ಸರ್ ಎಂಬ ಡಿಎನ್‌ಎ ತುಣುಕುಗಳು. ಅವು ಜೀನಿನ ಮಗ್ಗುಲಲ್ಲೇ ಇರಬಹುದು, ಡಿಎನ್‌ಎಯ ಸಾವಿರಾರು ಅಕ್ಷರಗಳಾಚೆಯೂ ಇರಬಹುದು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಬಂದು ಕೂರುವ ಕಟ್ಟೆ ಇದು. ಬ್ಯಾಂಕಿನ ಲಾಕರ್ ನೋಡಿರಬೇಕಲ್ಲ? ಮ್ಯಾನೇಜರರದೂ ನಿಮ್ಮಪ್ಪನದೂ ಎರಡೂ ಕೀಲಿಕೈ ಬಿದ್ದರೇನೇ ತೆರೆಯುವುದು. ಹಾಗೆ ಸರಿಯಾದ ಪ್ರೋಟೀನುಗಳು ಕೂಡಿ ಕೂತಾಗ ಜೀನ್ ಎಚ್ಚರಾಗುತ್ತದೆ. ತಡೆಯುವ ಪ್ರೋಟೀನು ಬಂದು ಕೂತಿತೋ, ಇದ್ದ ಕೀಲಿಕೈಯೂ ತಿರುಗದು. ಕರುಳಿನ ಕೋಶದಲ್ಲೂ ಲಾಕರ್ ಇದೆ, ಆ ಜೋಡಿ ಕೀಲಿಕೈ ಇಲ್ಲ ಅಷ್ಟೆ.

2024ರಲ್ಲಿ ಹೆಣ್ಣು ನೊಣದ ಇಡೀ ಮಿದುಳಿನ ನಕ್ಷೆ ಬಂತು. ಸುಮಾರು 1,39,000 ನರಕೋಶ, 8,000ಕ್ಕೂ ಹೆಚ್ಚು ಬಗೆ. ಒಟ್ಟು ಜೀನುಗಳೇ ಸುಮಾರು 14,000. ಬಗೆಗೊಂದರಂತೆ ಮೀಸಲಿಟ್ಟರೆ ಉಳಿದ ಮನೆವಾರ್ತೆ ನೋಡುವವರ‍್ಯಾರು? ಅದಕ್ಕೇ ಇದ್ದ ಕೀಲಿಕೈಗಳನ್ನೇ ಬೇರೆ ಬೇರೆ ಜೋಡಿ ಮಾಡಿ ಹಂಚುವುದು.

‘ಆ ಕೀಲಿಕೈ ಕೊಟ್ಟವರ‍್ಯಾರು’ ಅಂತ ಮುಂದಿನ ಪತ್ರ ಬರೆಯುತ್ತೀ, ಗೊತ್ತು. ಕೊಡುವವಳು ನರಕೋಶಗಳನ್ನು ಹೆರುವ ತಾಯಿಕೋಶ. ಭ್ರೂಣದಲ್ಲಿ ಆಕೆ ಒಡೆಯುತ್ತಾ ಹೋದಂತೆ ತನ್ನ ಪ್ರೋಟೀನು ಬದಲಿಸುತ್ತಾಳೆ. ಮೊದಲ ಸರದಿಗೆ ಹಂಚ್‌ಬ್ಯಾಕ್, ಆಮೇಲೆ ಕ್ರುಪೆಲ್. ಚೊಚ್ಚಲಿಗೊಂದು ಆಸ್ತಿ, ಎರಡನೆಯದಕ್ಕೆ ಇನ್ನೊಂದು.

ಯಾವ ಎನ್‌ಹ್ಯಾನ್ಸರ್ ಯಾವ ಕೋಶದಲ್ಲಿ ಎಚ್ಚರಿದೆ ಎಂಬುದನ್ನು ಕಣ್ಣಾರೆ ನೋಡುವ ಉಪಾಯವೂ ಇದೆ. ವಿಜ್ಞಾನಿಗಳಾದ ಆಂಡ್ರಿಯಾ ಬ್ರಾಂಡ್, ನಾರ್ಬರ್ಟ್ ಪೆರಿಮನ್ 1993ರಲ್ಲಿ, ಯೀಸ್ಟಿನಲ್ಲಿ ಜೀನ್ ಎಚ್ಚರಿಸುವ ಗಾಲ್-4 ಎಂಬ ಪ್ರೋಟೀನನ್ನು ನೊಣದೊಳಗೆ ದುಡಿಸುವ ದಾರಿ ತೋರಿಸಿದರು. ಈಗ ಎನ್‌ಹ್ಯಾನ್ಸರ್ ತುಣುಕೊಂದಕ್ಕೆ ಗಾಲ್-4 ಜೀನ್ ಜೋಡಿಸಿದ ನೊಣ ಒಂದು, ಗಾಲ್-4 ಸಿಕ್ಕರೆ ಮಾತ್ರ ಹಸಿರು ಹೊಳೆಯುವ ಪ್ರೋಟೀನು ಮಾಡುವ ನೊಣ ಇನ್ನೊಂದು. ಎರಡನ್ನೂ ಕೂಡಿಸಿದರೆ, ಮರಿಯ ಮಿದುಳಿನಲ್ಲಿ ಆ ತುಣುಕು ಎಚ್ಚರಿರುವ ನರಕೋಶಗಳಷ್ಟೇ ಹಸಿರಾಗಿ ಮಿನುಗುತ್ತವೆ. ನಮ್ಮ ಕಾಲಕ್ಕೆ ಕಣ್ಣು ಕೆಂಪೋ ಬಿಳಿಯೋ ಅಂತ ಎಣಿಸಿದ್ದೇ ಬಂತು.