ಗೋಡೆ ಮೇಲಿನ 650 ಮೊದಲು ಕಿತ್ತು ಹಾಕಿ

ಮೊದಲು ಚಿಲ್ಲರೆ ಪ್ರಶ್ನೆ ಮುಗಿಸಿಬಿಡೋಣ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿಗೆ ಯಾವ ಕೋರ್ಸ್ ಸರಿ ಅಂತ ಹೇಳ್ತಾರಂತೆ. ಮಾಡಿಸಬಹುದಾ?

ಉತ್ತರ: ಬೇಡ. ಬೆರಳಚ್ಚು ಆಧಾರ್ ಕಾರ್ಡಿಗೆ ಸಾಕು.

ಪ್ರಶ್ನೆ: ಯೇಲ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಗುರಿ ಬರೆದಿಟ್ಟುಕೊಂಡಿದ್ದ ಶೇ. 3ರಷ್ಟು ಹುಡುಗರು ಉಳಿದವರೆಲ್ಲರಿಗಿಂತ ಜಾಸ್ತಿ ದುಡ್ಡು ಮಾಡಿದರಂತೆ, ಹೌದಾ?

ಉತ್ತರ: ಅಂಥ ಅಧ್ಯಯನ ನಡೆದೇ ಇಲ್ಲ. ಈ ಕಥೆ ಹೇಳಿ ಫೀಸು ಕೇಳುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಮಗ ಎರಡನೇ ಪಿಯುಸಿ, ಸೈನ್ಸ್. ನೀಟ್‌ನಲ್ಲಿ 650 ಬರಬೇಕು ಅಂತ ನಾವೇ ಬರೆದು ಗೋಡೆಗೆ ಅಂಟಿಸಿದ್ದೇವೆ. ಬಯಾಲಜಿ ಪರವಾಗಿಲ್ಲ. ಫಿಸಿಕ್ಸ್ ತೆಗೆದರೆ ಮಾತ್ರ ಹತ್ತೇ ನಿಮಿಷಕ್ಕೆ "ನನ್ನ ಕೈಲಾಗಲ್ಲ" ಅಂತ ಪುಸ್ತಕ ಮುಚ್ಚಿಡ್ತಾನೆ. ದಿನಾ ಧೈರ್ಯ ಹೇಳ್ತೀವಿ. ಮೋಟಿವೇಶನ್ ಕ್ಯಾಂಪಿಗೂ ಕಳಿಸಿದ್ವಿ, ಒಂದು ವಾರ ಜೋರಾಗಿದ್ದ. ಆತ್ಮವಿಶ್ವಾಸ ಬೆಳೆಸೋದು ಹೇಗೆ? (ತಾಯಿ, ದಾವಣಗೆರೆ)

ಉತ್ತರ: ಊರಿನ ಹೆಸರು ಬಿಟ್ಟರೆ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೋಡಿಯಮ್ಮ, 650 ಅನ್ನೋದು ಆಸೆ. ಇವತ್ತು ಸಂಜೆ ಏನು ಮಾಡಬೇಕು ಅಂತ ಅದು ಹೇಳೋದಿಲ್ಲ. ಹುಡುಗ ಎಡವಿದಾಗಲೆಲ್ಲ ಇನ್ನೂ ಎಷ್ಟು ದೂರ ಇದೆ ಅಂತ ಹಂಗಿಸುತ್ತದೆ, ಅಷ್ಟೇ.

"ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದವರು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ. ಈ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತದೆ ಅಂದರು ಅವರು. ನಿಮ್ಮ ಮಗನಿಗೆ ಬಯಾಲಜಿಯಲ್ಲಿ ಇದೆ, ಫಿಸಿಕ್ಸ್‌ನಲ್ಲಿ ಇಲ್ಲ. ಹಾಗಾಗಿ ನೆಂಟರ ಮುಂದೆ "ಇವನಿಗೆ ಆತ್ಮವಿಶ್ವಾಸವೇ ಇಲ್ಲ" ಅನ್ನೋದನ್ನು ನಿಲ್ಲಿಸಿ. ಕೈಲಾಗುತ್ತೆ ಅನ್ನೋ ನಂಬಿಕೆ ಗಟ್ಟಿಯಾಗಿ ಹುಟ್ಟೋದು ತಾನೇ ಮಾಡಿ ಮುಗಿಸಿದ ಅನುಭವದಿಂದ. ತನ್ನಂಥವರು ಮಾಡಿದ್ದು ನೋಡಿದರೂ ಸ್ವಲ್ಪ ಬರುತ್ತದೆ. ಬಾಯಿಮಾತಿನ ಧೈರ್ಯಕ್ಕೆ ಬಲ ಕಡಿಮೆ, ಮುಂದಿನ ಲೆಕ್ಕ ತಪ್ಪಾದ ಕೂಡಲೇ ಇಳಿದುಹೋಗುತ್ತದೆ. ಕ್ಯಾಂಪಿನ ಜೋರು ಒಂದೇ ವಾರಕ್ಕೆ ಮುಗಿದಿದ್ದೂ ಅದಕ್ಕೇ.

1981ರಲ್ಲಿ ಬಂಡೂರಾ ಮತ್ತು ಡೇಲ್ ಶಂಕ್ ಒಂದು ಪ್ರಯೋಗ ಪ್ರಕಟಿಸಿದರು. ಗಣಿತದಲ್ಲಿ ಹಿಂದುಳಿದ, ಗಣಿತ ಅಂದರೇ ಆಗದ ಮಕ್ಕಳಿಗೆ ಕಳೆಯುವ ಲೆಕ್ಕದ 42 ಪುಟ ಕೊಟ್ಟರು. ಒಟ್ಟು ಏಳು ಸಲ ಕೂರಬೇಕು. ಕೆಲವರಿಗೆ "ಒಂದು ಸಲಕ್ಕೆ ಆರು ಪುಟ" ಅಂದರು. ಕೆಲವರಿಗೆ "ಕೊನೆಯ ಹೊತ್ತಿಗೆ 42" ಅಂದರು. ಇನ್ನು ಕೆಲವರಿಗೆ ಗುರಿಯನ್ನೇ ಕೊಡಲಿಲ್ಲ. ಆರು ಪುಟದವರು ಚೆನ್ನಾಗಿ ಕಲಿತರು, ಕೈಲಾಗುತ್ತೆ ಅಂತ ನಂಬಿದರು, ಲೆಕ್ಕದಲ್ಲಿ ಅವರಿಗೆ ಆಸಕ್ತಿಯೂ ಹುಟ್ಟಿತು. 42 ಪುಟದ ಗುರಿ ಇದ್ದೂ ಇಲ್ಲದಂತಾಯಿತು. ನಿಮ್ಮ ಗೋಡೆಯ 650 ಕೂಡ ಅಂಥದ್ದೇ.

ಇವತ್ತು ರಾತ್ರಿ ಊಟಕ್ಕೆ ಮುಂಚೆ ಮೂರೇ ಲೆಕ್ಕ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬಿಡಿಸಿ ತೋರಿಸಿರುವ ಉದಾಹರಣೆಗಳನ್ನೇ ತಗೊಳ್ಳಲಿ. ಉತ್ತರದ ಮೇಲೆ ಹಾಳೆ ಮುಚ್ಚಿ, ಚಿತ್ರ ಬರೆದು, ಯಾವ ಬಲ ಯಾವ ಕಡೆಗೆ ಅಂತ ಬಾಣ ಹಾಕಲಿ. ಸಿಕ್ಕಿಕೊಂಡರೆ ಹಾಳೆಯನ್ನು ಒಂದೇ ಸಾಲು ಕೆಳಗೆ ಸರಿಸಿ ನೋಡಲಿ. ಮುಗಿದ ಮೇಲೆ ಪೂರ್ತಿ ಮುಚ್ಚಿ ಮತ್ತೊಮ್ಮೆ ಮಾಡಲಿ. "ಹತ್ತು ನಿಮಿಷಕ್ಕೂ ಬರದಿದ್ದರೆ ಆ ಸಾಲಿಗೆ ಗುರುತು ಹಾಕಿ ಮುಂದಿನದಕ್ಕೆ ಹೋಗ್ತೀನಿ" ಅಂತ ಮೊದಲೇ ಬರೆದಿಟ್ಟುಕೊಂಡಿರಲಿ. ಪುಸ್ತಕ ಮುಚ್ಚಿಡೋದು ಆ ಗಳಿಗೆಯಲ್ಲೇ ಅಲ್ವಾ? ಟಿಕ್ ಅವನೇ ಹಾಕಲಿ, ನೀವು ಹೋಗಿ ಎಣಿಸಬೇಡಿ. ತೀರಾ ಸುಲಭದ್ದು ಕೊಟ್ಟು "ಭೇಷ್" ಅನ್ನಲೂಬೇಡಿ. ಆ ವಯಸ್ಸಿನವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ರ‍್ಯಾಂಕ್ ಬಂದವರ ವಿಡಿಯೊ ಸಾಕು ಮಾಡಿ. ಫಿಸಿಕ್ಸ್‌ನಲ್ಲಿ ಒದ್ದಾಡಿ ದಡ ಸೇರಿದ ಸೀನಿಯರ್ ಒಬ್ಬನ ಜೊತೆ ಅರ್ಧ ಗಂಟೆ ಕೂರಿಸಿ.

ಇನ್ನೊಂದು. ಗುರಿ "ನಾವೇ" ಬರೆದಿದ್ದು ಅಂದಿದ್ದೀರಿ. ಡಾಕ್ಟರ್ ಆಗೋದು ಅವನಿಗೆ ಬೇಕಾ? ಕೇಳಿ. ಕೇಳಿದ ಮೇಲೆ ಸುಮ್ನೆ ಕೂತು ಉತ್ತರ ಕೇಳಿಸಿಕೊಳ್ಳಿ.

ಎರಡು ವಾರದಿಂದ ಊಟ, ನಿದ್ದೆ ಕೆಟ್ಟಿದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, "ಬದುಕಿ ಏನು ಪ್ರಯೋಜನ" ಅನ್ನೋ ಮಾತು ಬಂದರೆ ಮೇಲಿನದ್ದೆಲ್ಲ ಪಕ್ಕಕ್ಕಿಡಿ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ವಿಷಯದಲ್ಲಿ ನಾನು ಪುಕ್ಕಲು. ಕಾದು ನೋಡೋಣ ಅನ್ನೋದಿಲ್ಲ.

ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತಂತೆ. ಬೆಳಗ್ಗೆ ಐದಕ್ಕೆ ಎದ್ದು ಓದ್ತಿದ್ದೆ, 23ನೇ ದಿನ ತಪ್ಪಿತು. ನಾನು ವೇಸ್ಟಾ? (ವಿದ್ಯಾರ್ಥಿನಿ, ಶಿರಸಿ)

ಉತ್ತರ: 21ರ ಲೆಕ್ಕ ಸುಳ್ಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಳೆದಾಗ 18 ದಿನದಿಂದ 254 ದಿನದವರೆಗೆ ಬಂತು, ಒಬ್ಬೊಬ್ಬರಿಗೆ ಒಂದೊಂದು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ನಾಳೆ ಎದ್ದೇಳಮ್ಮ. ಐದು ಗಂಟೆಗೇ ಆಗಬೇಕು ಅಂತ ಏನಿಲ್ಲ, ಆರಾದರೂ ನಡೆಯುತ್ತೆ.