ಸಿಸೇರಿಯನ್ ಆಗಿ ಮೂರನೇ ದಿನ, ಎದೆಹಾಲು ಇನ್ನೂ ಬಂದಿಲ್ಲ. ಏನು ಮಾಡಲಿ?

ಮೊದಲು ಆ ಪಂಪ್ ಪಕ್ಕಕ್ಕಿಡಿ. ಪಂಪ್ ಹಾಕಿದರೆ ನಾಲ್ಕೇ ಹನಿ ಬರುತ್ತೆ, ಮಗು ರಾತ್ರಿಯಿಡೀ ಎದೆ ಬಿಡ್ತಿಲ್ಲ, ಅತ್ತೆ ಡಬ್ಬಿ ಹಾಲು ಹಾಕೋಣ ಅಂತಿದ್ದಾರೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಬನಶಂಕರಿಯ ಮನೆಯಲ್ಲಿ ಎರಡು ಬಾಣಂತನ ಮುಗಿಸಿದವಳು, ಮೊದಲನೆಯದು ನಿಮ್ಮ ಹಾಗೇ ಸಿಸೇರಿಯನ್. ನೀವು ಹೇಳಿದ್ದರಲ್ಲಿ ಹಾಲಿಲ್ಲ ಅನ್ನುವುದಕ್ಕೆ ಸಾಕ್ಷಿ ಏನೂ ನನಗೆ ಕಾಣಲಿಲ್ಲ.

ಆ ನಾಲ್ಕು ಹನಿಯೇ ಗಿಣ್ಣು ಹಾಲು. ಹಳದಿಯಾಗಿ, ಅಂಟಂಟಾಗಿ ಇರುತ್ತೆ. ಅರ್ಧ ಪಂಪಿನ ಬಾಯಿಗೇ ಮೆತ್ತಿಕೊಂಡು ಹೋಗುತ್ತೆ. ಹುಟ್ಟಿದ ದಿನ ಮಗು ಒಂದು ಸಲಕ್ಕೆ ಕುಡಿಯುವುದೇ ಹೆಚ್ಚೂಕಮ್ಮಿ ಒಂದು ಟೀ ಚಮಚ. ಮೂರನೇ ದಿನಕ್ಕೆ 15ರಿಂದ 30 ಎಂಎಲ್. ಪಕ್ಕದ ರೂಮಿನವರು ಬಾಟಲಿಯಲ್ಲಿ 60 ಎಂಎಲ್ ಕುಡಿಸಿದ್ದು ಕೇಳಿ ಗಾಬರಿಯಾಗಬೇಡಿ.

ಎದೆ ತುಂಬಿಕೊಳ್ಳುವುದು ಆಮೇಲೆ. ಮಾಸು ಹೊರಗೆ ಬಂದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಆಗ ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಹಾಲು ತಯಾರಿಸಲು ಶುರು ಮಾಡುತ್ತೆ. ಇದಕ್ಕೆ ಎರಡು ಮೂರು ದಿನ ಬೇಕು. ಸಿಸೇರಿಯನ್ ಆದವರಿಗೆ, ಚೊಚ್ಚಲ ಹೆರಿಗೆಯವರಿಗೆ, ಶುಗರ್ ಇರುವವರಿಗೆ ಇನ್ನೂ ಒಂದೆರಡು ದಿನ ಹಿಡಿಯಬಹುದು. ಅಲ್ಲಿಂದ ಮುಂದೆ ಲೆಕ್ಕ ಸರಳ: ಎದೆ ಖಾಲಿಯಾದಷ್ಟೂ ಹಾಲು ಊರುತ್ತೆ. 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು. ರಾತ್ರಿ ಪ್ರೊಲ್ಯಾಕ್ಟಿನ್ ಜಾಸ್ತಿ ಇರುತ್ತೆ. ಹಾಗಾಗಿ "ನೀನು ಮಲಗು, ರಾತ್ರಿ ನಾವು ಬಾಟಲಿ ಕೊಡ್ತೀವಿ" ಅನ್ನುವ ಪ್ರೀತಿ ಈ ವಾರ ಬೇಡ. ಮಗು ರಾತ್ರಿಯಿಡೀ ಎದೆಗೆ ಅಂಟಿಕೊಂಡಿದೆ ಅಂತ ಅಳ್ತಿದ್ದೀರಲ್ಲ, ಅದು ಸುಮ್ನೆ ತನ್ನ ಕೆಲಸ ಮಾಡ್ತಿದೆ.

ಬಾಯಿ ಸರಿಯಾಗಿ ಹಿಡಿಸುವುದು ಮಾತ್ರ ಕಲಿಯಲೇಬೇಕು. ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಮಗ್ಗುಲಾಗಿ ಮಲಗಿ. ಇಲ್ಲವೇ ದಿಂಬಿಟ್ಟು, ಮಗುವಿನ ಕಾಲು ನಿಮ್ಮ ಬೆನ್ನ ಕಡೆ ಹೋಗುವಂತೆ ಕಂಕುಳಡಿ ಹಿಡಿದುಕೊಳ್ಳಿ. ಮೊಲೆತೊಟ್ಟನ್ನು ಅದರ ಮೇಲ್ದುಟಿಗೆ ಸವರಿ. ಬಾಯಿ ಅಗಲವಾಗಿ ತೆರೆದ ಕ್ಷಣ ಮಗುವನ್ನು ಎದೆಗೆ ತಂದುಕೊಳ್ಳಿ. ನೀವು ಬಗ್ಗಬೇಡಿ, ಬೆನ್ನು ಹೋಗುತ್ತೆ. ಬರೀ ತೊಟ್ಟು ಬಾಯಲ್ಲಿದ್ದರೆ ನಿಮಗೆ ನೋವು, ಮಗುವಿಗೆ ಹಾಲಿಲ್ಲ. ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನದು, ಒಳಗೆ ಹೋಗಬೇಕು. ಮಗುವಿನ ಗದ್ದ ಎದೆಗೆ ತಾಗಿರಬೇಕು. ಮಗು ನಿದ್ದೆಗೆ ಜಾರಿದರೆ ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಎದೆ ಮೇಲೆ ಹಾಕಿಕೊಳ್ಳಿ.

ಆಗಲೂ ಕುಡಿಯದಿದ್ದರೆ ಕೈಯಿಂದ ಹಿಂಡಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಡಿ. ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಬಿಡಿ. ಚರ್ಮ ಉಜ್ಜಬೇಡಿ. ಮೊದಲು ಏನೂ ಬರಲ್ಲ, ಸ್ವಲ್ಪ ಹೊತ್ತಿಗೆ ಹನಿ ಕೂಡುತ್ತೆ. ಅದನ್ನು ಒಳಲೆಯಲ್ಲಿ ಹಿಡಿದು ಹಾಗೇ ಕುಡಿಸಿ. ಬೆಳ್ಳಿ ಒಳಲೆಯೇ ಆಗಬೇಕಂತಿಲ್ಲ, ಸ್ಟೀಲಿನದು ಸಾಕು. ಪ್ರತಿ ಸಲ ಕುದಿಸಿ ಬಳಸಿ.

ಹಾಲು ಸಾಲುತ್ತಿದೆಯೋ ಇಲ್ಲವೋ ಅನ್ನೋದನ್ನು ಮಗುವಿನ ಬಟ್ಟೆ ಹೇಳುತ್ತೆ. ಡೈಪರ್‌ನಲ್ಲಿ ಸರಿಯಾಗಿ ಗೊತ್ತಾಗಲ್ಲ, ಕೆಲವು ದಿನ ಹಳೇ ಪಂಚೆ ಹರಿದು ಕಟ್ಟಿ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಐದನೇ ದಿನದಿಂದ 6 ಸಲವಾದರೂ ಉಚ್ಚೆ ಹೊಯ್ಯಬೇಕು. ಕಪ್ಪು ಕಕ್ಕ ಹಸಿರಾಗಿ, ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಬೇಕು. ಮೂರು ದಿನ ಕಳೆದ ಮೇಲೂ ಇಟ್ಟಿಗೆ ಬಣ್ಣದ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ.

ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ 10ರ ಹತ್ತಿರ ಹೋದರೆ, ಕಾಮಾಲೆ ಏರಿದರೆ, ಮಗು ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಡಾಕ್ಟರನ್ನು ಕೇಳಿ. ಅವರು ಡಬ್ಬಿ ಹಾಲು ಹೇಳಿದರೆ ಕೊಡಿ, ಅದರಲ್ಲಿ ಅಪರಾಧ ಏನೂ ಇಲ್ಲ. ಆದರೆ ಹಾಗೆ ಕೊಟ್ಟಾಗಲೆಲ್ಲ ಎದೆ ಹಿಂಡಿ ತೆಗೆಯಿರಿ, ಇಲ್ಲದಿದ್ದರೆ ಬೇಡಿಕೆ ಇಲ್ಲ ಅಂತ ಮೈ ತಿಳ್ಕೊಳ್ಳುತ್ತೆ. ಹಾಲು ಬಿಟ್ಟುಕೊಂಡ ಮೇಲೆ ಪಂಪೂ ಉಪಯೋಗಕ್ಕೆ ಬರುತ್ತೆ. ಅಂದ ಹಾಗೆ, ಡಬ್ಬಿ ಹಾಲಿನ ಜಾಹೀರಾತು, ಫ್ರೀ ಸ್ಯಾಂಪಲ್ ಎರಡನ್ನೂ ನಮ್ಮಲ್ಲಿ 1992ರ ಕಾನೂನು ನಿಷೇಧಿಸಿದೆ. ಯಾರಾದರೂ ಕೈಗೆ ಡಬ್ಬಿ ತುರುಕಿದರೆ ನೆನಪಿರಲಿ.

ಅತ್ತೆಯವರ ಜೊತೆ ಜಗಳ ಬೇಡ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ ಎಲ್ಲ ತಿನ್ನಿ. ಹಾಲು ಅದರಿಂದಲೇ ಬರುತ್ತೆ ಅಂತಲ್ಲ, ಬಾಣಂತಿಗೆ ಹೊಟ್ಟೆ ತುಂಬ ಊಟ ಬೇಕು, ಅಷ್ಟೇ. ಎರಡು ವಿಷಯದಲ್ಲಿ ಮಾತ್ರ ಬಗ್ಗಬೇಡಿ. "ನೀರು ಕುಡಿದರೆ ಹೊಟ್ಟೆ ಬರುತ್ತೆ" ಅಂತ ನಿಮಗೆ ನೀರು ಕಡಿಮೆ ಮಾಡಬಾರದು. ಮಗುವಿನ ನಾಲಿಗೆಗೆ ಜೇನುತುಪ್ಪ, ಸಕ್ಕರೆ ನೀರು ಮುಟ್ಟಿಸಬಾರದು. ಜೇನು ಒಂದು ವರ್ಷದವರೆಗೂ ಬೇಡವೇ ಬೇಡ. "ಡಾಕ್ಟರ್ ಬೇಡ ಅಂದಿದ್ದಾರೆ" ಅಂತ ಗಂಡನ ಬಾಯಲ್ಲಿ ಹೇಳಿಸಿ, ನಮ್ಮ ಮನೇಲಿ ಅದೇ ನಡೆದದ್ದು.

ಇವತ್ತು ಡಾಕ್ಟರ್ ರೌಂಡ್ಸಿಗೆ ಬಂದಾಗ ಎರಡು ಕೇಳಿ: ಮಗುವಿನ ತೂಕ ಎಷ್ಟು ಇಳಿದಿದೆ, ಕುಡಿಸುವಾಗ ಪಕ್ಕದಲ್ಲಿ ಕೂತು ನೋಡುವವರು ಯಾರಿದ್ದಾರೆ. ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದಕ್ಕೇ ಲ್ಯಾಕ್ಟೇಷನ್ ಕನ್ಸಲ್ಟೆಂಟ್ ಇರುತ್ತಾರೆ, ಆದರೆ ನಾವು ಕೇಳದೆ ಅವರಾಗಿಯೇ ಬರುವುದು ಕಡಿಮೆ. ಡಿಸ್ಚಾರ್ಜ್ ಆಗುವ ಮೊದಲೇ ಕರೆಸಿಕೊಳ್ಳಿ.