ಹುಳ ತೆಗೆದ ಮೇಲೂ ಜ್ವರ ಯಾಕೆ?

ಪತ್ರ: ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣಿನಲ್ಲಿ ಹುಳ ಬಿದ್ದಿತ್ತು. ಮನೆಯಲ್ಲೇ ಟರ್ಪೆಂಟೈನ್ ಹಾಕಿ ತೆಗೆದೆವು. ಆಮೇಲೆ ಚಳಿಜ್ವರ ಶುರುವಾಯಿತು. ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ‘ಇಗ್ನಾಟ್ಸ್‌ಶಿನೇರಿಯಾ’ ಅಂತ ಬಂತು. ಹುಳ ಗಾಯ ಶುಚಿ ಮಾಡುತ್ತೆ ಅಂತಾರಲ್ಲ, ಸುಳ್ಳಾ? ಮನೆಯಲ್ಲಿ ಮಕ್ಕಳಿದ್ದಾರೆ, ಇದು ಹರಡುತ್ತಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮಕ್ಕಳ ವಿಷಯಕ್ಕೆ ಕೊನೆಗೆ ಬರೋಣ. ಮೊದಲು ಜ್ವರದ ಮಾತು. ನೀವು ಹುಳ ತೆಗೆದಿರಿ, ಸರಿ. ಆದರೆ ಹುಳದ ಹೊಟ್ಟೆಯಲ್ಲಿದ್ದ ಇಗ್ನಾಟ್ಸ್‌ಶಿನೇರಿಯಾ ಎಂಬ ಬ್ಯಾಕ್ಟೀರಿಯಾ ಗಾಯದಲ್ಲೇ ಉಳಿದುಬಿಟ್ಟಿತು. ಸಕ್ಕರೆ ಕಾಯಿಲೆಯವರ ಕಾಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸ್ಪರ್ಶವೂ ಕಡಿಮೆ. ಕೊಳೆತ ಮಾಂಸದಿಂದ ಅದು ರಕ್ತಕ್ಕೆ ಇಳಿದರೆ ಚಳಿಜ್ವರ ಬರುತ್ತದೆ.

ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು ಮನುಷ್ಯರಲ್ಲಲ್ಲ, ಪ್ರಾಣಿಗಳ ಗಾಯದಲ್ಲಿ ಮರಿ ಬಿಡುವ ಒಂದು ಮಾಂಸದ ನೊಣದ ಹುಳಗಳಲ್ಲಿ. ಹಂಗೇರಿಯ ವಿಜ್ಞಾನಿಗಳು 2001ರಲ್ಲಿ ಇದನ್ನು ವರದಿ ಮಾಡಿದರು. ಅದೇ ಜಾತಿಯ ನೊಣದ ಹುಳದಲ್ಲಿ ‘ವೋಲ್ಫಾರ್ಟಿಯಿಮೋನಾಸ್’ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕಿತು, 2008ರಲ್ಲಿ. ದೂರದ ಊರಿನ ಕಥೆ ಅಂದುಕೊಳ್ಳಬೇಡಿ. ಪುಣೆಯ ಸಂಶೋಧಕರು ಮಾಂಸದ ನೊಣಗಳಿಂದಲೇ ಇಗ್ನಾಟ್ಸ್‌ಶಿನೇರಿಯಾದ ಎರಡು ಹೊಸ ಬಗೆಗಳನ್ನು ಬೇರ್ಪಡಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಒಂದರ ಹೆಸರು ‘ಇಂಡಿಕಾ’.

ವೋಲ್ಫಾರ್ಟಿಯಿಮೋನಾಸ್ ಮನುಷ್ಯರ ರಕ್ತಕ್ಕೆ ಸೇರಿದ ವರದಿಗಳು 2009ರಲ್ಲಿ ಫ್ರಾನ್ಸಿನಿಂದ, 2011ರಲ್ಲಿ ಅರ್ಜೆಂಟೀನಾದಿಂದ ಬಂದವು. ಎರಡರಲ್ಲೂ ರೋಗಿಗಳು ಮನೆಮಠ ಇಲ್ಲದ ವಯಸ್ಸಾದವರು. ಅರ್ಜೆಂಟೀನಾದ ವ್ಯಕ್ತಿ ಉಳಿಯಲಿಲ್ಲ. ಇಂಥ ಸೋಂಕು ‘ಅಪರೂಪ’ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಹಳೇ ಪದ್ಧತಿಯ ಲ್ಯಾಬ್ ಪರೀಕ್ಷೆಗಳಿಗೆ ಇವುಗಳ ಗುರುತು ಸಿಗುವುದು ಕಷ್ಟ. ಬ್ಯಾಕ್ಟೀರಿಯಾದ ಪ್ರೋಟೀನ್ ನೋಡಿ ಗುರುತು ಹಿಡಿಯುವ ಮಾಲ್ಡಿ-ಟೋಫ್ ಯಂತ್ರವೋ ಜೀನ್ ಪರೀಕ್ಷೆಯೋ ಬೇಕು. ನಿಮ್ಮ ಆಸ್ಪತ್ರೆ ಹೆಸರು ಹಿಡಿದು ಹೇಳಿತಲ್ಲ, ಅದೇ ದೊಡ್ಡ ವಿಷಯ.

ಹುಳ ಗಾಯ ಶುಚಿ ಮಾಡುತ್ತೆ ಅನ್ನುವುದು ಸುಳ್ಳಲ್ಲ, ಅರ್ಧ ಸತ್ಯ. ಮೊದಲ ಮಹಾಯುದ್ಧದಲ್ಲಿ ರಣರಂಗದಲ್ಲಿ ದಿನಗಟ್ಟಲೆ ಬಿದ್ದಿದ್ದ ಇಬ್ಬರು ಸೈನಿಕರ ಗಾಯಗಳನ್ನು ವಿಲಿಯಂ ಬೇರ್ ಎಂಬ ಅಮೆರಿಕದ ಸರ್ಜನ್ ನೋಡಿದರು. ಗಾಯದ ತುಂಬ ಹುಳ, ಆದರೆ ಜ್ವರ ಇಲ್ಲ, ಒಳಗೆ ಕೆಂಪಗೆ ಹೊಸ ಮಾಂಸ! ಆಮೇಲೆ ಅವರು ಮೂಳೆ ಸೋಂಕಿನ ಮಕ್ಕಳಿಗೆ ಹುಳ ಬಿಟ್ಟೇ ಚಿಕಿತ್ಸೆ ಮಾಡಿದರು. ಕೆಲವರಿಗೆ ಧನುರ್ವಾಯು ಬಂತು. ಆಗಿನಿಂದ ರೋಗಾಣು ಇಲ್ಲದಂತೆ ಸಾಕಿದ ಹುಳಗಳನ್ನೇ ಬಳಸುವ ರೂಢಿ ಬಂತು. ಹಾಗೆ ಸಾಕಿದ ಹುಳಕ್ಕೆ ಅಮೆರಿಕ 2004ರಲ್ಲಿ ಅನುಮತಿಯನ್ನೂ ಕೊಟ್ಟಿದೆ. ಹಿತ್ತಲಿನ ನೊಣ ಬಿಟ್ಟ ಹುಳ ಆ ಲೆಕ್ಕಕ್ಕೆ ಬರುವುದಿಲ್ಲ.

ಟರ್ಪೆಂಟೈನ್ ಹಾಕಿದ್ದು ಮಹಾಪರಾಧವೇನಲ್ಲ, ಆಸ್ಪತ್ರೆಗಳಲ್ಲೂ ಹಾಕುತ್ತಾರೆ. ಆದರೆ ಹುಳ ತಲೆ ಒಳಗೆ ಹುದುಗಿಸಿ, ಬಾಲದ ತುದಿಯಷ್ಟೇ ಹೊರಗಿಟ್ಟು ಉಸಿರಾಡುತ್ತದೆ. ಆಳದಲ್ಲಿರುವುದು ಮನೆಯಲ್ಲಿ ಕಾಣುವುದಿಲ್ಲ, ಸತ್ತ ಮಾಂಸ ತೆಗೆಯುವುದಂತೂ ನಮ್ಮ ಕೈಲಿ ಆಗದು. ದನದ ಗಾಯಕ್ಕೆ ಹಾಕುವ ನುಸಿ ಗುಳಿಗೆ ಪುಡಿಯನ್ನು ಮಾತ್ರ ಮನುಷ್ಯರ ಗಾಯಕ್ಕೆ ಹಾಕಲೇಬೇಡಿ.

ಹುಳ ಬಿದ್ದಿದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಎಷ್ಟೋ ಮನೆಗಳಲ್ಲಿ ‘ನೋಡಿಕೊಳ್ಳಲಿಲ್ಲ ಅಂತಾರೆ’ ಎಂದು ಹೆದರಿ, ತೊಳೆದು, ಬ್ಯಾಂಡೇಜ್ ಸುತ್ತಿಯೇ ಕರೆದುಕೊಂಡು ಹೋಗುತ್ತಾರೆ. ಹೇಳಿಬಿಡಿ. ಆ ಒಂದು ಮಾತಿನಿಂದ ಲ್ಯಾಬಿನವರು ಏನು ಹುಡುಕಬೇಕು ಅನ್ನುವುದೇ ಬದಲಾಗುತ್ತದೆ. ಇಂಥ ಗಾಯದಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಜೊತೆಗಿರುವುದು ಜಾಸ್ತಿ, ಆದ್ದರಿಂದ ಡಾಕ್ಟರು ಬರೆದ ಆ್ಯಂಟಿಬಯೋಟಿಕ್ ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ. ಟಿ.ಟಿ. ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.

ಇನ್ನು ಮಕ್ಕಳ ವಿಷಯ. ಇದು ನೊಣ ಗಾಯಕ್ಕೆ ತರುವ ಸೋಂಕು, ಪಕ್ಕದಲ್ಲಿ ಕೂತು ಉಂಡರೆ ಬರುವಂಥದ್ದಲ್ಲ. ಬ್ಯಾಂಡೇಜ್ ಬದಲಿಸಿದವರು ಸೋಪು ಹಾಕಿ ಕೈ ತೊಳೆಯಲಿ, ಮಾವನವರು ಹಗಲು ಮಲಗುವಾಗಲೂ ಸೊಳ್ಳೆಪರದೆ ಇರಲಿ. ತಟ್ಟೆ-ಲೋಟ ಬೇರೆ ಮಾಡಬೇಕಾಗಿಲ್ಲ.